ಪಾಸ್‌ವರ್ಡ್ ಕೊಡ್ಲೇನ್ರಿ?

ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿರುವ ಧಾರವಾಡದ ಗೆಳೆಯರೊಬ್ಬರು ಕಳೆದ ಚಳಿಗಾಲದಲ್ಲಿ ಒಂದು ರಾತ್ರಿ ಫೋನ್ ಮಾಡಿದರು. ಕೇಂದ್ರ ಸರ್ಕಾರದ ಇಲಾಖೆಯೊಂದರಲ್ಲಿ ಸೆಕ್ಷನ್ ಆಫೀಸರ್ ಅವರು. ಮೇಲಿನ ಮನೆಯ ಹುಡುಗಿ ನೀಟ್ ಪರೀಕ್ಷೆಗೆ ಓದುತ್ತಿದ್ದಾಳೆ. ಅವರ ಮನೆಯಲ್ಲಿ ಇಂಟರ್‌ನೆಟ್ ಇಲ್ಲ, ಮೊಬೈಲಿನ ಡೇಟಾ ಮಧ್ಯಾಹ್ನಕ್ಕೇ ಮುಗಿದುಹೋಗುತ್ತದೆ. ಪರೀಕ್ಷೆ ಮುಗಿಯುವ ತನಕ ನಿಮ್ಮ ವೈ-ಫೈ ಕೊಡಿ ಅಂಕಲ್ ಎಂದು ಕೇಳಿದ್ದಾಳೆ. "ಪಾಸ್‌ವರ್ಡ್ ಕೊಡ್ಲೇನ್ರಿ ಸರ? ಕೊಟ್ಟಮ್ಯಾಲೆ ಪೊಲೀಸ್ರು ಬಂದು ನಮ್ಮ ಮನಿ ಬಾಗಿಲಾಗ ನಿಂದ್ರೂದಿಲ್ಲ ಹೌದಲ್ರಿ?"

ನಗಬೇಕೆನಿಸಿತು, ನಗಲಿಲ್ಲ. ಉತ್ತರ ನನಗೂ ಗೊತ್ತಿರಲಿಲ್ಲ. ಇಪ್ಪತ್ತು ವರ್ಷದಿಂದ ಸಾಫ್ಟ್‌ವೇರ್ ಪ್ರಾಜೆಕ್ಟುಗಳ ಕಡತ ಕಟ್ಟುವವನು ನಾನು. ಪ್ರತಿ ಪ್ರಾಜೆಕ್ಟಿನ ಹಿಂದೆ 'ಅಕ್ಸೆಪ್ಟಬಲ್ ಯೂಸ್ ಪಾಲಿಸಿ' ಎಂಬ ಅನುಬಂಧವನ್ನು ಅಂಟಿಸಿದ್ದೇನೆ. ಹಿಂದಿನ ಪ್ರಾಜೆಕ್ಟಿನಿಂದ ನಕಲು ಮಾಡಿ, ಕಂಪನಿಯ ಹೆಸರು ಬದಲಿಸಿ. ಓದಿದ್ದು ಮಾತ್ರ ಒಮ್ಮೆಯೂ ಇಲ್ಲ. ಯಾರೋ ಇದನ್ನು 'ಸ್ವೀಕಾರಾರ್ಹ ಬಳಕೆಯ ನೀತಿ' ಎಂದು ಕನ್ನಡಕ್ಕೆ ತಂದಿದ್ದಾರೆ. ಅನ್ನದಲ್ಲಿ ಕಲ್ಲು ಸಿಕ್ಕಂತಾಗುತ್ತದೆ. ಇಲ್ಲಿ ನಾನು 'ಬಳಕೆಯ ಕಟ್ಟಳೆ' ಎನ್ನುತ್ತೇನೆ.

ಅವರ ಬ್ರಾಡ್‌ಬ್ಯಾಂಡ್ ಫಾರಂ ತರಿಸಿಕೊಂಡು ಓದಿದೆ. ಕಂಪನಿಯ ಹೆಸರು ಬೇಡ, ಎಲ್ಲರದೂ ಹೆಚ್ಚುಕಡಿಮೆ ಒಂದೇ ಅಚ್ಚು. ಸಂಪರ್ಕ ಈ ವಿಳಾಸದೊಳಗೆ ಮಾತ್ರ. ಬೇರೆಯವರಿಗೆ ಮಾರುವಂತಿಲ್ಲ, ಹಂಚುವಂತಿಲ್ಲ. ಈ ಸಂಪರ್ಕದಿಂದ ಯಾರು ಏನು ಮಾಡಿದರೂ ಹೊಣೆ ಚಂದಾದಾರನದು. ಕಟ್ಟಳೆ ಮುರಿದರೆಂದು ಕಂಪನಿಗೆ ಅನ್ನಿಸಿದರೆ ಮುನ್ಸೂಚನೆ ಇಲ್ಲದೆ ಸಂಪರ್ಕ ಕಡಿಯಬಹುದು. ಗೆಳೆಯರು ಅದರ ಕೆಳಗೆ ಸಹಿ ಮಾಡಿದ್ದರು. ನಾನೂ ನನ್ನ ಮನೆಯ ಫಾರಂಗೆ ಮಾಡಿದ್ದೇನೆ, ನೀವೂ ಮಾಡಿರುತ್ತೀರಿ.

'ಮುನ್ಸೂಚನೆ ಇಲ್ಲದೆ' ಎಂಬ ಮಾತು ಎಲ್ಲಿಂದ ಬಂತು ಎಂದು ಹುಡುಕಲು ಹೊರಟವನು 1885ಕ್ಕೆ ಹೋಗಿ ನಿಂತೆ. ಆ ವರ್ಷದ ಟೆಲಿಗ್ರಾಫ್ ಕಾಯ್ದೆಯ ಪ್ರಕಾರ ತಂತಿಯ ಮೇಲಿನ ಏಕಸ್ವಾಮ್ಯ ಸರ್ಕಾರದ್ದು. ಉಳಿದವರು ಅದರ ಅಪ್ಪಣೆ ಪಡೆದೇ ನಡೆಸಬೇಕು. 1933ರಲ್ಲಿ ನಿಸ್ತಂತುವಿಗೂ ಒಂದು ಕಾಯ್ದೆ ಬಂತು. ಲೈಸೆನ್ಸ್ ಇಲ್ಲದೆ ರೇಡಿಯೊ ಉಪಕರಣ ಇಟ್ಟುಕೊಳ್ಳುವುದೇ ಅಪರಾಧ. 2023ರ ಟೆಲಿಕಾಂ ಕಾಯ್ದೆ ಬಂದು ಪಕ್ಕಕ್ಕೆ ಸರಿಸುವ ತನಕ ಈ ಎರಡು ಮುದುಕರೇ ನಮ್ಮ ಇಂಟರ್‌ನೆಟ್ಟನ್ನೂ ಆಳಿದ್ದು.

ಐವತ್ತು ದಾಟಿದವರಿಗೆ ರೇಡಿಯೊ ಲೈಸೆನ್ಸ್ ನೆನಪಿರಬಹುದು. ಅಪ್ಪನ ಟ್ರಂಕಿನಲ್ಲಿ ಪಾಸ್‌ಬುಕ್ಕಿನಂಥ ಒಂದು ಪುಸ್ತಕವಿತ್ತು. ಪ್ರತಿ ವರ್ಷ ಪೋಸ್ಟಾಫೀಸಿಗೆ ಹೋಗಿ ಹಣ ಕಟ್ಟಿ ಅದರಲ್ಲಿ ಸ್ಟಾಂಪು ಹಚ್ಚಿಸಬೇಕಿತ್ತು. ಮನೆಯವರು ಕೇಳುವುದಕ್ಕೆ ಒಂದು ದರ, ಹೋಟೆಲಿನಂಥ ಜಾಗದಲ್ಲಿ ನಾಲ್ಕು ಜನರಿಗೆ ಕೇಳಿಸುವುದಕ್ಕೆ ಬೇರೆ ದರ. ಊರಿನ ಹೋಟೆಲಿನ ಮುಂದೆ ನಿಂತು ಕ್ರಿಕೆಟ್ ಕಾಮೆಂಟರಿ ಕೇಳುತ್ತಿದ್ದವರನ್ನು ಆ ಹೋಟೆಲಿನ ಭಟ್ಟರು ಎಂದೂ ಎಬ್ಬಿಸಿ ಕಳಿಸಲಿಲ್ಲ. ಹಂಚಿಕೊಂಡ ನಿಸ್ತಂತು ಎಂದರೆ ನನಗೆ ಮೊದಲು ನೆನಪಾಗುವುದು ಅದು. ಅದಕ್ಕೂ ಹಿಂದೆ, 1935ರಲ್ಲಿ, ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ.ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ 30 ವ್ಯಾಟಿನ ಪ್ರಸಾರಯಂತ್ರ ಇಟ್ಟು 'ಆಕಾಶವಾಣಿ' ನಡೆಸಿದರು. ದೇಶದ ರೇಡಿಯೊ ಆಮೇಲೆ ಅದೇ ಹೆಸರನ್ನು ತನ್ನದಾಗಿಸಿಕೊಂಡಿತು. ರೇಡಿಯೊ ಲೈಸೆನ್ಸ್ 1980ರ ದಶಕದ ನಡುವೆ ಹೊರಟುಹೋಯಿತು. ಕಾಯ್ದೆ ಮಾತ್ರ ಉಳಿಯಿತು. ನಿಮ್ಮ ಮನೆಯ ವೈ-ಫೈ ಪೆಟ್ಟಿಗೆ ಕೂಡ ಕಾನೂನಿನ ಕಣ್ಣಿಗೆ ಒಂದು ರೇಡಿಯೊ. 2005ರ ಜನವರಿಯಲ್ಲಿ ಸರ್ಕಾರ 2.4 ಗಿಗಾಹರ್ಟ್ಸ್ ಪಟ್ಟಿಯ ಕಡಿಮೆ ಶಕ್ತಿಯ ಉಪಕರಣಗಳಿಗೆ ಹೊರಾಂಗಣದಲ್ಲೂ ಲೈಸೆನ್ಸಿನಿಂದ ವಿನಾಯ್ತಿ ಕೊಟ್ಟದ್ದರಿಂದ ನಾವು ಪೋಸ್ಟಾಫೀಸಿನ ಸಾಲಿನಲ್ಲಿ ನಿಲ್ಲದೆ ಅದನ್ನು ಹಚ್ಚಿಕೊಂಡು ಕೂತಿದ್ದೇವೆ.

ಇನ್ನು ಟೆಲಿಫೋನು. ನನ್ನನ್ನು ಹಿಡಿದು ನಿಲ್ಲಿಸಿದ್ದು ಇದರ ಕಥೆ.

1951ರ ಟೆಲಿಗ್ರಾಫ್ ನಿಯಮಗಳಲ್ಲಿ ಬಳಕೆಯ ಕಟ್ಟಳೆ ಇತ್ತು. ಟೆಲಿಫೋನನ್ನು ಯಾರಿಗಾದರೂ ಕಿರುಕುಳ ಕೊಡಲು, ಅಸಭ್ಯ ಮಾತಾಡಲು, ಸಾರ್ವಜನಿಕ ಶಾಂತಿ ಕೆಡಿಸಲು ಬಳಸುವಂತಿಲ್ಲ. ಇಂದಿನ ಫಾರಂಗಳ ಅಜ್ಜ ಅದು. ಫೋನ್ ಕಡಿಯುವ ಅಧಿಕಾರವನ್ನೂ ನಿಯಮ ಕೊಟ್ಟಿತ್ತು, ಆದರೆ ಕಟ್ಟುಪಾಡಿನೊಂದಿಗೆ. ಡಿವಿಜನಲ್ ಎಂಜಿನಿಯರ್‌ಗೆ ಅದು ಅಗತ್ಯವೆಂದು ಸ್ವತಃ ಮನವರಿಕೆಯಾಗಬೇಕು, ಕಾರಣವನ್ನು ಬರಹದಲ್ಲಿ ದಾಖಲಿಸಬೇಕು, ಚಂದಾದಾರನಿಗೆ ಲಿಖಿತ ನೋಟಿಸು ಕೊಡಬೇಕು, ತುರ್ತು ಸಂದರ್ಭ ಬಿಟ್ಟರೆ ಆ ನೋಟಿಸು 7 ದಿನಕ್ಕಿಂತ ಕಡಿಮೆಯದಾಗಿರಬಾರದು. ಸಾರ್ವಜನಿಕ ತುರ್ತುಪರಿಸ್ಥಿತಿಯಲ್ಲಿ ಕಡಿಯುವುದಕ್ಕೆ ಇದರ ಮುಂದಿನ ನಿಯಮ ಬೇರೆಯೇ ಇತ್ತು.

ಹಳೇ ದೆಹಲಿಯ ಫತೇಪುರಿಯಲ್ಲಿ ಕೊರೋನೇಷನ್ ಹೋಟೆಲ್ ಎಂಬ ಕಟ್ಟಡ. ಅಲ್ಲಿದ್ದ ವ್ಯಾಪಾರಿಗಳು ಫೋನಿನಲ್ಲಿ ಧಾನ್ಯದ ಸಟ್ಟಾ ನಡೆಸುತ್ತಿದ್ದಾರೆ, ಬೆಲೆ ಏರುತ್ತಿದೆ ಎಂದು ದೆಹಲಿ ಆಡಳಿತ ಟೆಲಿಫೋನ್ ಇಲಾಖೆಗೆ ಬರೆಯಿತು. ಇಲಾಖೆ ಫೋನುಗಳನ್ನು ಕಡಿದುಹಾಕಿತು. ವ್ಯಾಪಾರಿಗಳು ಕೋರ್ಟಿಗೆ ಹೋದರು. ಹುಕುಂಚಂದ್ ಶ್ಯಾಮಲಾಲ್ ವಿರುದ್ಧ ಭಾರತ ಒಕ್ಕೂಟ ಎಂಬ ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದದ್ದು 1975ರ ಡಿಸೆಂಬರಿನಲ್ಲಿ. ದಿನಾಂಕ ಗಮನಿಸಿ, ಇಂದಿರಾ ಗಾಂಧಿಯವರ ತುರ್ತುಪರಿಸ್ಥಿತಿ ನಡುಮಧ್ಯದಲ್ಲಿತ್ತು. ಕೋರ್ಟು ವ್ಯಾಪಾರಿಗಳ ಪರ ನಿಂತಿತು. ಮೇಲಿನವರು ಹೇಳಿದರೆಂದು ಕಡಿದರೆ ಸಾಲದು, ನಿಯಮ ಯಾರಿಗೆ ಅಧಿಕಾರ ಕೊಟ್ಟಿದೆಯೋ ಅವರಿಗೇ ಮನವರಿಕೆಯಾಗಿರಬೇಕು ಎಂದಿತು. ಆರ್ಥಿಕ ಸಂಕಟವನ್ನೆಲ್ಲ ಸಾರ್ವಜನಿಕ ತುರ್ತುಪರಿಸ್ಥಿತಿ ಎಂದು ಕರೆಯುವಂತಿಲ್ಲ ಎಂದಿತು. ಕಾನೂನು ಒಂದು ಕೆಲಸವನ್ನು ಹೀಗೆಯೇ ಮಾಡಿ ಎಂದಿದ್ದರೆ ಹಾಗೆಯೇ ಮಾಡಬೇಕು, ಇಲ್ಲವೇ ಬಿಡಬೇಕು.

ಸಟ್ಟಾ ವ್ಯಾಪಾರಿಗಳ ಮೇಲೆ ನನಗೇನೂ ಕನಿಕರವಿಲ್ಲ. ಆದರೆ ಅವರಿಗಿದ್ದದ್ದು ನನ್ನ ಗೆಳೆಯರಿಗಿಲ್ಲ. ಫೋನ್ ಕಟ್ ಮಾಡಿದ ಅಧಿಕಾರಿಯ ಎದುರು ಹೋಗಿ "ಕಾರಣ ಬರೆದಿದ್ದೀರಾ ತೋರಿಸಿ" ಎನ್ನುವ ಹಕ್ಕು ಅವರಿಗಿತ್ತು. ಆಗ ಬಳಕೆಯ ಕಟ್ಟಳೆ ಸರ್ಕಾರದ ನಿಯಮವಾಗಿತ್ತು, ಹಾಗಾಗಿ ಸರ್ಕಾರವೂ ಅದಕ್ಕೆ ಬಗ್ಗಬೇಕಿತ್ತು. ಅದು ಯಾವಾಗ ಕಂಪನಿಯ ಕರಾರಿನೊಳಗೆ ಜಾರಿತೋ ಆಗ ನೋಟಿಸು ಕೈಬಿಟ್ಟುಹೋಯಿತು. ಜಾರಿದ ಬಗೆ ಹೇಳುವುದೇ ಈ ಬರಹದ ಕೆಲಸ.

'ಅಕ್ಸೆಪ್ಟಬಲ್ ಯೂಸ್' ಎಂಬ ಮಾತು ಅಮೆರಿಕದ್ದು. ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಷನ್ ದುಡ್ಡಿನಲ್ಲಿ ನಡೆಯುತ್ತಿದ್ದ ಎನ್‌ಎಸ್‌ಎಫ್‌ನೆಟ್ ಸಂಶೋಧನೆ ಮತ್ತು ಶಿಕ್ಷಣಕ್ಕೆ ಮೀಸಲು, ವ್ಯಾಪಾರಕ್ಕಲ್ಲ ಎಂಬ ಕಟ್ಟಳೆ ಇತ್ತು. ಸಾರ್ವಜನಿಕರ ತೆರಿಗೆ ಹಣದಲ್ಲಿ ಎಳೆದ ಹಾದಿಯಲ್ಲಿ ಲಾಭದ ಗಾಡಿ ಓಡಬಾರದು ಎಂಬ ನ್ಯಾಯ ಅದರ ಹಿಂದೆ. ನಮ್ಮಲ್ಲಿ 1986ರಲ್ಲಿ ಶುರುವಾದ ಅರ್ನೆಟ್ ಅದೇ ಜಾತಿಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐದು ಐಐಟಿಗಳು, ಮುಂಬೈಯ ಎನ್‌ಸಿಎಸ್‌ಟಿ, ದೆಹಲಿಯ ಎಲೆಕ್ಟ್ರಾನಿಕ್ಸ್ ಇಲಾಖೆ, ಹೀಗೆ ಎಂಟು ಕಡೆಯವರ ಕೂಟ. 1995ರ ಏಪ್ರಿಲಿನಲ್ಲಿ ಎನ್‌ಎಸ್‌ಎಫ್‌ನೆಟ್ ಬಾಗಿಲು ಹಾಕಿತು. ಅದೇ ಆಗಸ್ಟ್ 15ಕ್ಕೆ ವಿಎಸ್‌ಎನ್‌ಎಲ್ ಇಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆಯಿತು. ಆಗಿನ ಕಟ್ಟಳೆಗಳಲ್ಲಿ ದೊಡ್ಡದು ಇಂಟರ್‌ನೆಟ್ಟಿನಲ್ಲಿ ಫೋನ್ ಮಾಡಬಾರದು ಎಂಬುದು. ಐಎಸ್‌ಡಿ ವರಮಾನಕ್ಕೆ ಏಟು ಬೀಳುತ್ತದಲ್ಲ! ಅಂಥ ಜಾಲತಾಣಗಳನ್ನು ವಿಎಸ್‌ಎನ್‌ಎಲ್ ತಡೆದದ್ದು ದೆಹಲಿ ಹೈಕೋರ್ಟಿನ ಮೆಟ್ಟಿಲೇರಿತು. ಕಡೆಗೆ 2002ರ ಏಪ್ರಿಲ್ 1ರಿಂದ ಸರ್ಕಾರವೇ ಇಂಟರ್‌ನೆಟ್ ಟೆಲಿಫೋನಿಗೆ ಒಪ್ಪಿತು. ಇವತ್ತು ದೆಹಲಿಯಿಂದ ಊರಿಗೆ ಅಮ್ಮನ ಜತೆ ವಾಟ್ಸಾಪ್ ಕಾಲ್ ಮಾಡುವಾಗ ಒಂದು ಕಾಲದಲ್ಲಿ ಇದು ನಿಷಿದ್ಧ ಬಳಕೆಯಾಗಿತ್ತು ಎಂದು ನೆನಪಾದರೆ ಮೋಜೆನಿಸುತ್ತದೆ.

ಇಲ್ಲಿಯವರೆಗೆ ಕಟ್ಟಳೆಯ ಚಿಂತೆ ದುಡ್ಡಿನದು. ಅದಕ್ಕೆ ಪೊಲೀಸರ ಚಿಂತೆ ಅಂಟಿಕೊಂಡದ್ದು 2004ರಲ್ಲಿ. ಅಂಟಿಸಿದ್ದು ಬೇರೆಲ್ಲೂ ಅಲ್ಲ, ಆರ್.ಕೆ.ಪುರಂ.

ದೆಹಲಿಯ ಕನ್ನಡಿಗರಿಗೆ ಆರ್.ಕೆ.ಪುರಂ ಎಂದರೆ ರಾವ್ ತುಲಾರಾಮ್ ಮಾರ್ಗದ ಕರ್ನಾಟಕ ಸಂಘ. ನಾಟಕ, ರಾಜ್ಯೋತ್ಸವ, ಊರಿನ ಊಟ. ಉಳಿದ ದೇಶದ ಪತ್ರಿಕೆ ಓದುಗರಿಗೆ ಆ ಚಳಿಗಾಲದಲ್ಲಿ ಆ ಹೆಸರು ಬೇರೆಯೇ ಆಗಿತ್ತು. ಅಲ್ಲಿನ ಹೆಸರುವಾಸಿ ಶಾಲೆಯೊಂದರ ಇಬ್ಬರು ಮಕ್ಕಳ ಖಾಸಗಿ ದೃಶ್ಯವೊಂದು ಕ್ಯಾಮೆರಾ ಫೋನಿನಲ್ಲಿ ದಾಖಲಾಗಿ ಫೋನಿನಿಂದ ಫೋನಿಗೆ ಹಾರಿತ್ತು. ಆ ಮಕ್ಕಳ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವುದು ನನಗಿಷ್ಟವಿಲ್ಲ. ಆಗ ಬರೆದವರೆಲ್ಲ ಬೇಕಾದದ್ದಕ್ಕಿಂತ ಹೆಚ್ಚೇ ಬರೆದಿದ್ದಾರೆ.

2004ರ ನವೆಂಬರ್ 27, ಶನಿವಾರ. ಖರಗ್‌ಪುರ ಐಐಟಿಯ ವಿದ್ಯಾರ್ಥಿಯೊಬ್ಬ ಆ ತುಣುಕನ್ನು ಬಾಝೀ ಡಾಟ್ ಕಾಮ್ ಎಂಬ ಹರಾಜು ತಾಣದಲ್ಲಿ 125 ರೂಪಾಯಿಗೆ ಮಾರಾಟಕ್ಕಿಟ್ಟ. ಆ ತಾಣವನ್ನು ಅದೇ ವರ್ಷ ಅಮೆರಿಕದ ಇಬೇ ಕೊಂಡಿತ್ತು. ಬಾಝೀಗೆ ಬಳಕೆಯ ಕಟ್ಟಳೆ ಇತ್ತು. ಅಶ್ಲೀಲ ಸರಕು ನಿಷಿದ್ಧ; ಮಾರುವವರೆಲ್ಲ ಅದಕ್ಕೆ ಒಪ್ಪಿಗೆ ಒತ್ತಿಯೇ ಒಳಗೆ ಬರಬೇಕು. ಕೆಟ್ಟ ಪದಗಳನ್ನು ಹಿಡಿಯುವ ಜರಡಿಯೂ ಇತ್ತು. ಜರಡಿಗೆ ಸಿಗಬಾರದೆಂದು ಆ ಸರಕನ್ನು ಇಟ್ಟದ್ದು ಎಲ್ಲಿ ಗೊತ್ತೇ? ಪುಸ್ತಕಗಳ ವಿಭಾಗದಲ್ಲಿ, ಇ-ಪುಸ್ತಕಗಳ ಸಾಲಿನಲ್ಲಿ. ಶನಿವಾರ ರಾತ್ರಿಯೇ ಯಾರೋ ಕಂಪನಿಗೆ ದೂರು ಬರೆದರು. ಸರಕು ಕೆಳಗಿಳಿದದ್ದು 29ರ ಸೋಮವಾರ ಬೆಳಗ್ಗೆ. ಅಷ್ಟರಲ್ಲಿ ಎಂಟು ಪ್ರತಿ ಮಾರಾಟವಾಗಿದ್ದವು. ಶನಿವಾರ ರಾತ್ರಿಯ ಟಿಕೆಟ್ ಸೋಮವಾರ ಬೆಳಗ್ಗೆ ಮುಚ್ಚುವುದು ಎಂದರೇನೆಂದು ನನ್ನ ಕಸುಬಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಶನಿವಾರ ರಾತ್ರಿ ಎಲ್ಲ ಕಂಪನಿಗಳಲ್ಲೂ ಒಬ್ಬನೇ ಹುಡುಗ ಕೂತಿರುತ್ತಾನೆ.

ಡಿಸೆಂಬರ್ 17ರಂದು ದೆಹಲಿ ಪೊಲೀಸರು ಬಾಝೀಯ ಮುಖ್ಯಸ್ಥ ಅವನೀಶ್ ಬಜಾಜ್ ಅವರನ್ನು ಬಂಧಿಸಿದರು. ಮಾರಿದವನು ಬೇರೆ, ಚಿತ್ರಿಸಿದವರು ಬೇರೆ, ಸಂತೆ ಮೈದಾನದ ಮಾಲೀಕ ಒಳಗೆ. 21ರಂದು ಹೈಕೋರ್ಟು ಜಾಮೀನು ಕೊಟ್ಟಿತು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಸೆಕ್ಷನ್ ಆಗ ಹೇಳುತ್ತಿದ್ದುದು ಇಷ್ಟು: ತನಗೆ ತಿಳಿಯದೆ ಆಯಿತು ಎಂದೋ, ತಡೆಯಲು ಎಲ್ಲ ಎಚ್ಚರ ವಹಿಸಿದ್ದೆ ಎಂದೋ ಜಾಲ ನಡೆಸುವವನೇ ಸಾಬೀತು ಮಾಡಬೇಕು. ಪ್ರಕರಣ ನಡೆಯುತ್ತಲೇ ಹೋಯಿತು. 2008ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟಿನ ನ್ಯಾಯಮೂರ್ತಿ ಎಸ್.ಮುರಳೀಧರ್ ದಂಡಸಂಹಿತೆಯ ಆರೋಪಗಳಿಂದ ಬಜಾಜ್ ಅವರನ್ನು ಬಿಡಿಸಿದರು, ಮಾಹಿತಿ ತಂತ್ರಜ್ಞಾನ ಕಾಯ್ದೆಯ ಆರೋಪವನ್ನು ಉಳಿಸಿದರು. 2012ರಲ್ಲಿ ಸುಪ್ರೀಂ ಕೋರ್ಟು ಅದನ್ನೂ ತೆಗೆದುಹಾಕಿತು. ಕಾರಣ ಮಾತ್ರ ತಾಂತ್ರಿಕ: ಕಂಪನಿಯನ್ನೇ ಆರೋಪಿಯಾಗಿ ಹೆಸರಿಸಿರಲಿಲ್ಲ.

ಉದ್ಯಮದ ದೊಡ್ಡವರೆಲ್ಲ ಬೆಚ್ಚಿಬಿದ್ದರು. 2005ರಲ್ಲಿ ತಜ್ಞರ ಸಮಿತಿ ಕೂತಿತು, ಕಾಯ್ದೆ ತಿದ್ದುವ ಮಾತು ಶುರುವಾಯಿತು. ಅದು ಮುಗಿಯುವುದರೊಳಗೆ ಇನ್ನೊಂದು ಬದಿಯಿಂದ ಏಟು ಬಿತ್ತು, ಈ ಸಲ ವೈ-ಫೈಗೆ.

2008ರ ಜುಲೈ 25ರಂದು ಬೆಂಗಳೂರಿನಲ್ಲಿ ಸರಣಿ ಸ್ಫೋಟ. ಮರುದಿನ ಅಹಮದಾಬಾದ್. ಅಹಮದಾಬಾದಿನ ಸ್ಫೋಟಕ್ಕೆ ಕೆಲವೇ ನಿಮಿಷ ಮೊದಲು ಟಿವಿ ಚಾನೆಲುಗಳಿಗೆ ಬಂದ ಇಮೇಲಿನ ಜಾಡು ಹಿಡಿದ ಪೊಲೀಸರು ತಲುಪಿದ್ದು ನವಿ ಮುಂಬೈಯಲ್ಲಿದ್ದ ಒಬ್ಬ ಅಮೆರಿಕನ್ ಪ್ರಜೆಯ ಬಾಡಿಗೆ ಮನೆಗೆ. ಮೇಲ್ ಕಳಿಸಿದವರು ಆತನ ವೈ-ಫೈ ಬಳಸಿದ್ದರು. ಆಗಸ್ಟಿನ ಮೇಲ್ ಮಾಟುಂಗಾದ ಒಂದು ಕಾಲೇಜಿನ ಜಾಲದಿಂದ. ಸೆಪ್ಟೆಂಬರ್ 13ರಂದು ದೆಹಲಿಯ ಕರೋಲ್‌ಬಾಗ್, ಕನಾಟ್ ಪ್ಲೇಸ್, ಗ್ರೇಟರ್ ಕೈಲಾಶ್‌ಗಳಲ್ಲಿ ಬಾಂಬುಗಳು ಸಿಡಿದ ದಿನದ ಮೇಲ್ ಚೆಂಬೂರಿನ ಒಂದು ಕಂಪನಿಯ ವೈ-ಫೈನಿಂದ.

ಇದು ಹೇಗೆ ಸಾಧ್ಯ ಎಂಬುದನ್ನು ನನ್ನ ಗೆಳೆಯರಿಗೆ ಹೇಳಿದಂತೆಯೇ ಇಲ್ಲೂ ಹೇಳುತ್ತೇನೆ. ಮನೆಯೊಳಗೆ ಹತ್ತು ಫೋನುಗಳಿರಲಿ, ಪ್ರತಿಯೊಂದಕ್ಕೂ ರೌಟರ್ ಒಂದು ಒಳಮನೆಯ ನಂಬರ್ ಕೊಡುತ್ತದೆ. ಹೊರಗೆ ಹೋಗುವಾಗ ಎಲ್ಲರೂ ರೌಟರಿನ ಒಂದೇ ಅಂಗಿ ತೊಟ್ಟು ಹೋಗುತ್ತಾರೆ. ಹೊರಗಿನವರಿಗೆ ಕಾಣುವುದು ಆ ಅಂಗಿ ಮಾತ್ರ. ಇಂಥ ದಿನ ಇಂಥ ಹೊತ್ತಿಗೆ ಈ ಅಂಗಿ ಯಾರದು ಎಂದು ಪೊಲೀಸರು ಕಂಪನಿಯನ್ನು ಕೇಳಿದರೆ, ಕಂಪನಿ ಬಿಲ್ ಕಟ್ಟುವವನ ಹೆಸರು ಹೇಳುತ್ತದೆ. ಒಳಗಿದ್ದವರು ಯಾರೆಂದು ಕಂಪನಿಗೂ ತಿಳಿಯದು. ಕೆಲವೊಮ್ಮೆ ಅಂಗಿಯ ಲೆಕ್ಕವೂ ತಪ್ಪುತ್ತದೆ. 2007ರಲ್ಲಿ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್‌ನನ್ನು, ಆರ್ಕುಟ್‌ನಲ್ಲಿ ಶಿವಾಜಿಯನ್ನು ಅವಮಾನಿಸಿದನೆಂದು ಪುಣೆ ಪೊಲೀಸರು ಹಿಡಿದೊಯ್ದರು. ಇಂಟರ್‌ನೆಟ್ ಕಂಪನಿ ಕೊಟ್ಟ ಮಾಹಿತಿ ತಪ್ಪಾಗಿತ್ತು. ಅದು ಗೊತ್ತಾಗಿ ಆತ ಹೊರಬರುವ ಹೊತ್ತಿಗೆ ಯೆರವಾಡ ಜೈಲಿನಲ್ಲಿ ಸುಮಾರು 50 ದಿನ ಕಳೆದಿದ್ದವು. ಪಾಸ್‌ವರ್ಡ್ ಯಾರಿಗೂ ಕೊಡದವನ ಕಥೆ ಇದು. ಆಗ ನಾನು ಬೆಂಗಳೂರಿನಲ್ಲೇ ಕೆಲಸಕ್ಕಿದ್ದೆ. ಕ್ಯಾಂಟೀನಿನಲ್ಲಿ ಒಂದು ವಾರ ಬೇರೆ ಮಾತೇ ಇರಲಿಲ್ಲ.

2009ರ ಆರಂಭದಲ್ಲಿ ಮುಂಬೈ ಪೊಲೀಸರು ಲ್ಯಾಪ್‌ಟಾಪ್ ಹಿಡಿದು ಬೀದಿ ಬೀದಿ ತಿರುಗಿ ಬೀಗವಿಲ್ಲದ ವೈ-ಫೈ ಹುಡುಕಿ ಮಾಲೀಕರಿಗೆ ನೋಟಿಸು ಕೊಡಲು ಹೊರಟರು. ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆ ಇಂಟರ್‌ನೆಟ್ ಕಂಪನಿಗಳಿಗೆ ಆದೇಶ ಕಳಿಸಿತು. ವೈ-ಫೈ ಬಳಸುವವರಿಗೆಲ್ಲ ಲಾಗಿನ್ ಇರಬೇಕು. ಸಾರ್ವಜನಿಕ ಜಾಗಗಳಲ್ಲಿ ಫೋಟೊ ಗುರುತಿನ ಚೀಟಿಯ ನಕಲು ತೆಗೆದಿಟ್ಟುಕೊಳ್ಳಬೇಕು, ಇಲ್ಲವೇ ಮೊಬೈಲಿಗೆ ಎಸ್‌ಎಂಎಸ್‌ನಲ್ಲಿ ಪಾಸ್‌ವರ್ಡ್ ಕಳಿಸಿ ಆ ನಂಬರನ್ನೇ ಗುರುತಾಗಿ ಒಂದು ವರ್ಷ ಇಟ್ಟುಕೊಳ್ಳಬೇಕು. ವಿಮಾನ ನಿಲ್ದಾಣದಲ್ಲಿ, ಕಾಫಿ ಅಂಗಡಿಯಲ್ಲಿ ನಿಮ್ಮ ಫೋನಿಗೆ ಓಟಿಪಿ ಬರುವುದು ಈ ಕಾಗದದಿಂದ. 2019ರ ಡಿಸೆಂಬರಿನಲ್ಲಿ ದೆಹಲಿ ಸರ್ಕಾರ ಪ್ರತಿ ವಿಧಾನಸಭಾ ಕ್ಷೇತ್ರಕ್ಕೆ 100ರಂತೆ ಉಚಿತ ವೈ-ಫೈ ತಾಣಗಳನ್ನು ಇಡಲು ಶುರುಮಾಡಿದಾಗ, ಆರ್.ಕೆ.ಪುರಂ ಕೂಡ ಒಂದು ಕ್ಷೇತ್ರ, ಅಲ್ಲೂ ಮೊದಲು ಕೇಳುತ್ತಿದ್ದುದು ಮೊಬೈಲ್ ನಂಬರನ್ನೇ.

ಬೇಸಿಗೆಯಲ್ಲಿ ನಮ್ಮ ಕಡೆ ರಸ್ತೆ ಬದಿಯಲ್ಲಿ ಅರವಟ್ಟಿಗೆ ಇಡುತ್ತಾರೆ. ನೀರು ಮಜ್ಜಿಗೆ ಕುಡಿದವನ ಹೆಸರು ಯಾರೂ ಕೇಳುವುದಿಲ್ಲ. ವೈ-ಫೈ ಹಾಗಾಗಬಹುದಿತ್ತು, ಎರಡು ಮೂರು ವರ್ಷ ಹಾಗೇ ಇತ್ತು ಕೂಡ. ಆದೇಶವನ್ನು ನಾನು ತಪ್ಪೆನ್ನುವುದಿಲ್ಲ. ಕರೋಲ್‌ಬಾಗಿನ ಗಫಾರ್ ಮಾರ್ಕೆಟ್ಟಿನಲ್ಲಿ ಸತ್ತವರ ಮನೆಯವರ ಮುಂದೆ ನಿಂತು ಅರವಟ್ಟಿಗೆಯ ಮಾತಾಡುವ ಧೈರ್ಯ ನನಗಿಲ್ಲ.

ನನಗೆ ಸರಿಕಾಣದ್ದು ಮುಂದಿನದು. 2008ರ ನವೆಂಬರಿನ ಮುಂಬೈ ದಾಳಿಯ ಬಿಸಿಯಲ್ಲೇ, ಡಿಸೆಂಬರಿನಲ್ಲಿ, ಸಂಸತ್ತು ಮಾಹಿತಿ ತಂತ್ರಜ್ಞಾನ ಕಾಯ್ದೆಯ ತಿದ್ದುಪಡಿ ಪಾಸು ಮಾಡಿತು. ಜಾರಿಯಾದದ್ದು 2009ರ ಅಕ್ಟೋಬರ್ 27ರಿಂದ. 79ನೇ ಸೆಕ್ಷನ್ ಹೊಸದಾಗಿ ಹುಟ್ಟಿತು. ನಡುವಿನವರು, ಎಂದರೆ ಜಾಲತಾಣ, ಇಂಟರ್‌ನೆಟ್ ಕಂಪನಿ, ಸೈಬರ್ ಕೆಫೆ ಎಲ್ಲ, ಬೇರೆಯವರು ಹಾಕಿದ ಸರಕಿಗೆ ಹೊಣೆಯಲ್ಲ. ಆದರೆ ಸರ್ಕಾರ ಹೇಳಿದ ಎಚ್ಚರ ವಹಿಸಿರಬೇಕು. ಆ ಎಚ್ಚರ ಯಾವುದೆಂದು ಹೇಳುವ ನಿಯಮಗಳು 2011ರ ಏಪ್ರಿಲಿನಲ್ಲಿ ಬಂದವು. ಮೊದಲ ಎಚ್ಚರವೇನು? ಬಳಕೆಯ ಕಟ್ಟಳೆ ಬರೆದು ಪ್ರಕಟಿಸುವುದು! ಅದರಲ್ಲಿ ಏನೇನಿರಬೇಕು ಎಂಬ ಪಟ್ಟಿಯನ್ನೂ ಸರ್ಕಾರವೇ ಕೊಟ್ಟಿತು. ಅಶ್ಲೀಲ, ಮಾನಹಾನಿಕರ, ದ್ವೇಷದ ಸರಕು, ಮಕ್ಕಳಿಗೆ ಕೆಡುಕು ಮಾಡುವಂಥದು, ಸರಿ. ಜತೆಗೆ 'ಹೀಗಳೆಯುವ' ಬರಹ, ದೇವನಿಂದೆ ಎಂಬಂಥ, ಯಾವ ಕಾನೂನಿನಲ್ಲೂ ಸರಿಯಾದ ಅರ್ಥವಿಲ್ಲದ ಮಾತುಗಳೂ ಒಳಸೇರಿದವು. ಮುಖ್ಯವಾದದ್ದು ಕೊನೆಗೆ: ಕಟ್ಟಳೆ ಮುರಿದರೆ 'ಕೂಡಲೇ' ಸಂಪರ್ಕ ಕೊನೆಗೊಳಿಸುವ ಹಕ್ಕು ತನಗಿದೆ ಎಂದು ಕಂಪನಿ ಬಳಕೆದಾರನಿಗೆ ತಿಳಿಸಬೇಕು.

ಕೊರೋನೇಷನ್ ಹೋಟೆಲಿನ ವ್ಯಾಪಾರಿಗಳನ್ನು ಇಲ್ಲಿ ನೆನೆಯಿರಿ. ಅಲ್ಲಿ ಲಿಖಿತ ಕಾರಣ, 7 ದಿನದ ನೋಟಿಸು, ಇಲ್ಲಿ ಕೂಡಲೇ. ಅಲ್ಲಿ ಕಡಿಯುವವನು ಸರ್ಕಾರಿ ಅಧಿಕಾರಿ, ತಪ್ಪಿದರೆ ಕೋರ್ಟು ಕಿವಿ ಹಿಂಡುತ್ತಿತ್ತು. ಇಲ್ಲಿ ಪಟ್ಟಿ ಬರೆದದ್ದು ಸರ್ಕಾರ, ಸಹಿ ಹಾಕಿಸಿಕೊಳ್ಳುವುದು ಕಂಪನಿ. ಕಂಪನಿಯನ್ನು ಕೇಳಿದರೆ ಸರ್ಕಾರದ ನಿಯಮ ಎನ್ನುತ್ತದೆ, ಸರ್ಕಾರವನ್ನು ಕೇಳಿದರೆ ನೀವೇ ಒಪ್ಪಿದ ಕರಾರು ಎನ್ನುತ್ತದೆ. ಆರ್.ಕೆ.ಪುರಂನಿಂದ ಹೊರಟ ಆ ತುಣುಕು ಕಂಪನಿಯ ಮಾಲೀಕರಿಗೆ ರಕ್ಷಣೆ ತಂದುಕೊಟ್ಟಿತು. ಅದರ ಬೆಲೆ ತೆತ್ತವರು ಫಾರಂ ಕೆಳಗೆ ಸಹಿ ಮಾಡುವವರು.

ಅದೇ ದಿನ ಬಂದ ಸೈಬರ್ ಕೆಫೆ ನಿಯಮಗಳು ಇನ್ನೂ ಸ್ವಾರಸ್ಯದವು. ಕೆಫೆಯೊಳಗಿನ ಅಡ್ಡಗೋಡೆ ನಾಲ್ಕೂವರೆ ಅಡಿಗಿಂತ ಎತ್ತರ ಇರಬಾರದು, ಗುರುತಿನ ಚೀಟಿ ನೋಡಬೇಕು, ದಾಖಲೆ ಒಂದು ವರ್ಷ ಇಡಬೇಕು, ನೋಡಬಾರದ್ದನ್ನು ನೋಡಬೇಡಿ ಎಂಬ ಫಲಕ ಹಾಕಬೇಕು. ಕರ್ನಾಟಕ 2004ರಲ್ಲೇ ಕೆಫೆಗಳಿಗೆ ತನ್ನದೇ ನಿಯಮ ಮಾಡಿತ್ತು. ಈಗ ನಿಯಮ ಇದೆ, ಕೆಫೆ ಹುಡುಕಬೇಕು.

ಆಮೇಲೆ ಒಂದಿಷ್ಟು ತಿದ್ದಿಕೊಂಡದ್ದೂ ಉಂಟು. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 66-ಎ ಸೆಕ್ಷನನ್ನು ಕಿತ್ತುಹಾಕಿತು. ಕೋರ್ಟಿನ ಆದೇಶವೋ ಸರ್ಕಾರದ ಸೂಚನೆಯೋ ಬಂದ ಮೇಲಷ್ಟೇ ಸರಕು ತೆಗೆಯುವ ಹೊಣೆ ನಡುವಿನವರದು, ಯಾರೋ ದೂರಿದ ಮಾತ್ರಕ್ಕೆ ಅಲ್ಲ ಎಂದಿತು. 2021ರ ಹೊಸ ನಿಯಮಗಳು ದೂರು ಕೇಳುವ ಅಧಿಕಾರಿಯ ಕೆಲಸವನ್ನು ಬಿಗಿಗೊಳಿಸಿದವು, ವರ್ಷಕ್ಕೊಮ್ಮೆಯಾದರೂ ಕಟ್ಟಳೆಯನ್ನು ಬಳಕೆದಾರರಿಗೆ ನೆನಪಿಸಬೇಕು ಎಂದವು. 'ಕೂಡಲೇ' ಎಂಬ ಮಾತು ಅಲ್ಲಿಯೂ ಉಳಿಯಿತು. 2022ರ ಅಕ್ಟೋಬರಿನ ತಿದ್ದುಪಡಿಯಲ್ಲಿ ನಮಗೆ ಬೇಕಾದ ಒಂದು ಸಾಲಿದೆ: ಕಟ್ಟಳೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ, ಬಳಕೆದಾರ ಆರಿಸಿಕೊಂಡ ಭಾಷೆಯಲ್ಲಿ ತಿಳಿಸಬೇಕು. ಅನುಸೂಚಿಯಲ್ಲಿ ಕನ್ನಡ ಇದೆ. ಹಾಗಾಗಿ ನಾನು ಒಪ್ಪಿದ್ದೇನು ಎಂದು ಕನ್ನಡದಲ್ಲಿ ಕೇಳುವ ಹಕ್ಕು ನಮ್ಮ ಕೈಯಲ್ಲಿದೆ. ಕನ್ನಡ ಬಾವುಟ ಹಿಡಿಯುವವರು ಇದನ್ನೂ ಒಮ್ಮೆ ಕೇಳಿ ನೋಡಬಹುದು.

ಇಷ್ಟನ್ನೆಲ್ಲ ಒಂದು ಭಾನುವಾರ ಗೆಳೆಯರ ಮನೆಯಲ್ಲಿ ಕೂತು ಹೇಳಿದೆ. ಅವರ ಹೆಂಡತಿ ಅವಲಕ್ಕಿ ತಂದಿಟ್ಟರು. ಕಥೆ ಪೂರ್ತಿ ಕೇಳಿ ಗೆಳೆಯರು, "ಅಂದ್ರ ಕೊಡಬಾರ್ದು ಅಂತೀರೇನು?" ಎಂದರು.

ನಾನು ಹಾಗೆನ್ನಲಿಲ್ಲ. ಫಾರಂ ಹಂಚಬೇಡ ಎನ್ನುತ್ತದೆ, ಅದು ಕಂಪನಿಯ ಕರಾರು. ಮುರಿದರೆ ಸಂಪರ್ಕ ಹೋಗಬಹುದು, ಅಷ್ಟೇ. ಪೊಲೀಸರ ಭಯಕ್ಕೆ ಉತ್ತರ ಬೇರೆ: ಪಾಸ್‌ವರ್ಡ್ ಇಲ್ಲದೆ ಬಿಡಬಾರದು, ಯಾರ ಬಳಿ ಇದೆ ಎಂಬುದು ನಿಮಗೆ ಗೊತ್ತಿರಬೇಕು. ಆಕೆಯ ತಂದೆಯನ್ನು ನಾಲ್ಕು ವರ್ಷದಿಂದ ಬಲ್ಲಿರಿ. ಇನ್ನು ಕಂಪನಿಯೇ ಕಡಿದರೆ ನನ್ನ ಮನೆಯ ಡಾಂಗಲ್ ಇದೆ, ತಂದುಕೊಡುತ್ತೇನೆ. ಇಷ್ಟು ಹೇಳಿ ಅವರ ರೌಟರಿನಲ್ಲಿ 'ಗೆಸ್ಟ್' ಎಂಬ ಎರಡನೇ ಜಾಲ ತೆರೆದು ಬೇರೆ ಪಾಸ್‌ವರ್ಡ್ ಹಾಕಿಕೊಟ್ಟೆ. ಅವರ ಮನೆಯ ಟಿವಿ, ಕಂಪ್ಯೂಟರು ಇದಕ್ಕೆ ಕಾಣುವುದಿಲ್ಲ, ಬೇಡವಾದ ದಿನ ಮುಚ್ಚಬಹುದು.

ಗೆಳೆಯರಿಗೆ ಸಮಾಧಾನವಾಗಲಿಲ್ಲ. ಮೂವತ್ತು ವರ್ಷ ಕಡತ ನೋಡಿದ ಮನುಷ್ಯ, ಬರಹದಲ್ಲಿ ಏನಾದರೂ ಇರಬೇಕು. ಹಳೆಯ ಲೆಟರ್‌ಹೆಡ್ಡಿನ ಬೆನ್ನಿಗೆ, ಹುಡುಗಿಗೆ ಅರ್ಥವಾಗಲೆಂದು ಹಿಂದಿಯಲ್ಲಿ, ಬರೆಯತೊಡಗಿದರು. ಓದಿಗೆ ಮಾತ್ರ. ಪಾಸ್‌ವರ್ಡ್ ಗೆಳತಿಯರಿಗೆ ಕೊಡಬಾರದು. ರಾತ್ರಿ ಹನ್ನೊಂದಕ್ಕೆ ಬಂದ್. ಮೂರು ಸಾಲು ಬರೆದು ಪೆನ್ನು ಎತ್ತಿ ನನ್ನ ಕಡೆ ನೋಡಿದರು. ಆಮೇಲೆ ನಾಲ್ಕನೆಯದನ್ನು ತಮಗೆ ತಾವೇ ಜೋರಾಗಿ ಕನ್ನಡದಲ್ಲಿ ಹೇಳಿಕೊಂಡು ಹಿಂದಿಯಲ್ಲಿ ಬರೆದರು: "ಬಂದ್ ಮಾಡೂದಿದ್ರ ಏಳು ದಿನ ಮೊದಲ ಹೇಳ್ತೀನಿ, ಯಾಕ ಅಂತ ಬರದೂ ಕೊಡ್ತೀನಿ."

ಕೆಳಗೆ ಸಹಿ ಮಾಡಿ ತಾರೀಖು ಹಾಕಿದರು.